ಮೊದಲ ನೂರು ಮಂದಿ

ರವೂಫಾಕನ ಫೋನು ಬರುತ್ತಿದ್ದದ್ದು ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ. ಮೂಡುಬಿದಿರೆಯ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಆ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ಅವರ ಹೆಸರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಶೋಧನ್, ಪ್ರಶ್ನೆಚಿಹ್ನೆ ಹಾಕಿದರೆ ಎಲ್ಲರೂ ಬರ್ತಾರೆ ಮಾರಾಯ."

"ಅದನ್ನು ಹಾಕ್ಬೇಡಿ ಅಂತ ಎಷ್ಟು ಸಲ ಹೇಳುವುದು? ಎಂಥ ಸಾವು ಮಾರಾಯ್ರೆ ನಿಮ್ಮದು!"

"ಆಯ್ತು, ಆಯ್ತು. ನೀನು ಕೆಲಸ ಮಾಡು."

ಮರುದಿನ ಹನ್ನೊಂದಕ್ಕೆ ಮತ್ತೆ ಅದೇ ರಾಗ. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಬ್ದುಲ್ ರವೂಫ್, ನಮಗೆಲ್ಲ ರವೂಫಾಕ, ಬಂಟ್ವಾಳದಲ್ಲಿ ಹೊಳೆ ಬದಿಯ ಒಂದು ಮಸೀದಿಯ ಗುಮಾಸ್ತ. ಪ್ರಾಯ ಅರುವತ್ತೆರಡು, ಮದುವೆಯಾಗಿಲ್ಲ. ಇಪ್ಪತ್ತೆರಡು ವರ್ಷ ಸೌದಿಯ ದಮ್ಮಾಮಿನ ಒಂದು ಗೋದಾಮಿನಲ್ಲಿ ದುಡಿದು ಊರಿಗೆ ಬರುವಾಗ ಬೆಳ್ತಂಗಡಿಯ ಮನೆಯಲ್ಲಿ ಅವರ ಉಮ್ಮ, ಅಂದರೆ ತಾಯಿ, ಬದುಕಿರಲಿಲ್ಲ. ಅಸ್ಕರ್ ಎಂಬ ತಮ್ಮನೊಬ್ಬ ಇದ್ದ. ಅವನು ಎಂದೋ ಮನೆ ಬಿಟ್ಟು ಬೊಂಬಾಯಿಗೆ ಹೋದವನು, ಪತ್ತೆಯಿಲ್ಲ. ರವೂಫಾಕ ಮಸೀದಿಯ ಹಿಂದಿನ ಒಂದು ಕೋಣೆಗೆ ಬಂದು ಸೇರಿದರು. ಒಬ್ಬರಿಗೆ ಎಷ್ಟು ಗಂಜಿ ಬೇಕು? ಬೆಳಿಗ್ಗೆ ಬೇಯಿಸಿದ್ದೇ ರಾತ್ರಿಗೂ ಆಗುತ್ತಿತ್ತು. ದಮ್ಮಾಮಿನಿಂದ ಬಂದ ದಿನ ತೆಗೆದುಕೊಂಡ ಸಿಮ್ ಅನ್ನು ಅವರು ಬದಲಿಸಲೇ ಇಲ್ಲ. ಆ ನಂಬರನ್ನು ಬೆಳ್ತಂಗಡಿಯ ಹಳೆಯ ನೆರೆಕರೆಗೆಲ್ಲ ಬರೆದು ಕೊಟ್ಟಿದ್ದರು, ಅಸ್ಕರ್ ಬಂದರೆ ಕೊಡಿ ಎಂದು.

ಮಸೀದಿಯಲ್ಲಿ ಒಂದು ದಫನ ಪುಸ್ತಕವಿತ್ತು. ಖಬರಸ್ಥಾನದಲ್ಲಿ ಯಾರನ್ನು, ಯಾವತ್ತು, ಯಾವ ಸಾಲಿನಲ್ಲಿ ಮಣ್ಣು ಮಾಡಿದ್ದು ಎಂಬ ಲೆಕ್ಕ. ಗೋರಿ ತೋಡುತ್ತಿದ್ದ ಮುದುಕ ಬಾವಾ ನಲವತ್ತು ವರ್ಷ ಅದನ್ನು ಬರೆದಿದ್ದ. ಅದನ್ನು ಕಂಪ್ಯೂಟರಿಗೆ ಹಾಕಲು ತಂತ್ರಾಂಶ ಮಾಡಿಕೊಟ್ಟವನು ನಾನು. ನನಗೋ ಆಗ ಕೈತುಂಬ ಕೆಲಸ. ಹೆಸರಿಗೆ ಮಾತ್ರ ಹುಡುಕುವ ಸೌಲಭ್ಯ ಇಟ್ಟೆ. ಉತ್ತರ ಜಾಸ್ತಿ ಬಂದರೆ ಮೊದಲ ನೂರನ್ನು ಮಾತ್ರ ತೋರಿಸು ಎಂದೆ. ಟೈಪ್ ಮಾಡುವವರಿಗೆ ಸುಲಭವಾಗಲಿ ಎಂದು ಒಂದು ಸಲಕ್ಕೆ ಒಂದೇ ಕಾಲಂ ತೆರೆಯುವ ಹಾಗೆ ಮಾಡಿದೆ. ಮೊದಲು ನಾಲ್ಕು ಸಾವಿರ ಹೆಸರು, ಆಮೇಲೆ ನಾಲ್ಕು ಸಾವಿರ ತಾರೀಕು, ಮತ್ತೆ ಪ್ರಾಯ, ಮತ್ತೆ ಬಾವಾ ಬರೆದಿದ್ದರೆ ಬಟ್ಟೆಯ ಗುರುತು, ಹೀಗೆ. ಬೇಗ ಮುಗಿಯುತ್ತದೆ ರವೂಫಾಕ ಎಂದು ಜಂಬ ಬೇರೆ ಕೊಚ್ಚಿದೆ. ಅವರು ಒಂದು ಚುಕ್ಕೆಯೂ ಬಿಡದೆ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಂದು ವರ್ಷ ಕೂತು ಟೈಪ್ ಮಾಡಿದರು. ಆಮೇಲಿನ ಮಳೆಗಾಲದಲ್ಲಿ ನೇತ್ರಾವತಿ ಹೊಳೆ ಮಸೀದಿಯ ಕಚೇರಿಯೊಳಗೆ ಬಂತು. ಪುಸ್ತಕದ ಹಾಳೆಗಳು ಅಂಟಿಕೊಂಡು ಒಂದೇ ಮುದ್ದೆಯಾದವು. ಉಳಿದದ್ದು ಕಂಪ್ಯೂಟರಿನಲ್ಲಿ ಇದ್ದದ್ದು ಮಾತ್ರ.

ಕಳೆದ ವರ್ಷ ಜನವರಿಯಲ್ಲಿ ಪ್ರಿಂಟರ್ ಕೆಟ್ಟಿತೆಂದು ನಾನೇ ಬಂಟ್ವಾಳಕ್ಕೆ ಹೋದೆ. ರವೂಫಾಕ ಪರದೆಯ ಎದುರು ಕೂತಿದ್ದರು. ಹುಡುಕುವ ಜಾಗದಲ್ಲಿ ಅದೇ ಪ್ರಶ್ನೆಚಿಹ್ನೆ, ಕೆಳಗೆ ಅದೇ ಮೊದಲ ನೂರು ಹೆಸರು.

"ಇವರೆಲ್ಲ ನನಗೆ ಬಾಯಿಪಾಠ," ಎಂದು ನಕ್ಕರು. "ಜೀವ ಇರುವವರಲ್ಲಿ ನನಗೆ ಇಷ್ಟು ಜನರ ಪರಿಚಯ ಇಲ್ಲ."

"ನಿಮಗೆ ಆ ಚಿಹ್ನೆ ಯಾಕೆ ಮಾರಾಯ್ರೆ? ಅಂಥ ಹೆಸರು ಯಾರಿಗಾದರೂ ಉಂಟಾ?"

"ಉಂಟು," ಎಂದರು. "ಹೊಳೆಯಲ್ಲಿ ಬಂದವರಿಗೆ ಉಂಟು."

ಆಗ ಹೇಳಿದರು. ನೇತ್ರಾವತಿಯಲ್ಲಿ ತೇಲಿ ಬಂದ ಹೆಣ ಮುಸ್ಲಿಮರದೆಂದು ಕಂಡು, ಕೇಳಲು ಯಾರೂ ಬಾರದಿದ್ದರೆ, ಪೊಲೀಸರು ಈ ಮಸೀದಿಗೆ ಒಪ್ಪಿಸುತ್ತಿದ್ದರು. ಬಾವಾ ಅಂಥವರ ಹೆಸರಿನ ಜಾಗವನ್ನು ಖಾಲಿ ಬಿಡುತ್ತಿರಲಿಲ್ಲ, ಒಂದು ಪ್ರಶ್ನೆಚಿಹ್ನೆ ಹಾಕುತ್ತಿದ್ದ. ಖಾಲಿ ಬಿಟ್ಟರೆ ಮನುಷ್ಯನೇ ಇಲ್ಲ ಎಂದಾಗುತ್ತದೆ ಎನ್ನುತ್ತಿದ್ದನಂತೆ. ಟೈಪ್ ಮಾಡುವಾಗ ರವೂಫಾಕನಿಗೆ ಅದು ಏನೆಂದು ಗೊತ್ತಿರಲಿಲ್ಲ. ಬಾವಾ ಸಾಯುವ ಮೊದಲು ಕೇಳಿ ತಿಳಿದದ್ದು. ಆವತ್ತಿನಿಂದ ಅವರ ತಲೆಯಲ್ಲಿ ಒಂದೇ ಹುಳ: ಅಸ್ಕರ್ ನಿಜವಾಗಿಯೂ ಬೊಂಬಾಯಿಗೆ ಹೋದನೋ?

ನಾನು ಕುರ್ಚಿ ಎಳೆದು ಕೂತೆ. ಕಂಪ್ಯೂಟರಿಗೆ ಪ್ರಶ್ನೆಚಿಹ್ನೆ ಎಂದರೆ 'ಯಾವ ಅಕ್ಷರವಾದರೂ ಆದೀತು' ಎಂಬ ಅಪ್ಪಣೆ. ಅದಕ್ಕೇ ಎಲ್ಲರೂ ಬರುವುದು. ಅದಕ್ಕಿಂತ ಮೊದಲು ಹಿಂದಕ್ಕೆ ವಾಲಿದ ಒಂದು ಗೆರೆ ಹಾಕಿದರೆ ಸಾಕು, ಅದು ಬರೀ ಗುರುತಾಗುತ್ತದೆ. ಇದು ನನಗೆ ಮೊದಲಿನಿಂದ ಗೊತ್ತಿತ್ತು. ಫೋನಿನಲ್ಲಿ ಹೇಳಲು ಹತ್ತು ಸೆಕೆಂಡು ಸಾಕಿತ್ತು. ಛೀ, ನನ್ನ ಜನ್ಮಕ್ಕಿಷ್ಟು!

\? ಎಂದು ಹಾಕಿದೆ. ಹದಿನೇಳು ಸಾಲು ಬಂತು.

ರವೂಫಾಕ ಕನ್ನಡಕ ಒರೆಸಿಕೊಂಡು ಒಂದೊಂದೇ ಸಾಲು ಓದುತ್ತ ಹೋದರು. ಒಂಬತ್ತನೆಯದರಲ್ಲಿ ಬೆರಳು ನಿಂತಿತು. 1996 ಜುಲೈ 22. ಪ್ರಾಯ ಸುಮಾರು ಹತ್ತೊಂಬತ್ತು. ವಿದೇಶಿ ಅಂಗಿ, ಹಳದಿ. ಕಿಸೆಯಲ್ಲಿ ಬೆಳ್ತಂಗಡಿ ಬಸ್ಸಿನ ಟಿಕೇಟು. ಏಳನೇ ಸಾಲು, ಹನ್ನೆರಡನೇ ಗೋರಿ.

ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದರು.

"ಟೈಪ್ ಮಾಡಿದ್ದು ನಾನೇ," ಎಂದರು ಕೊನೆಗೆ. "ತಾರೀಕು ಒಂದು ತಿಂಗಳು, ಪ್ರಾಯ ಒಂದು ತಿಂಗಳು, ಅಂಗಿ ಇನ್ನೊಂದು ತಿಂಗಳು. ಹಳದಿ ಅಂಗಿ ಅಂತ ಟೈಪ್ ಮಾಡಿ ಚಾ ಕುಡೀಲಿಕ್ಕೆ ಹೋಗಿದ್ದೇನೋ ಏನೋ."

ಕಾಲಂ ಕಾಲಂ ಮಾಡಿಸಿದವನು ನಾನು. ತಮ್ಮನನ್ನು ತುಂಡು ತುಂಡು ಮಾಡಿ ಅಣ್ಣನ ಕೈಗೆ ಕೊಟ್ಟಿದ್ದೆ.

"ಹಳದಿ ಅಂಗಿ ಎಷ್ಟೋ ಜನರದ್ದು ಇರ್ತದೆ ರವೂಫಾಕ."

"ಅವನು ವೀಸಾ ಕೇಳಿದ್ದ. ಸ್ವಲ್ಪ ತಾಳು ಅಂತ ಬರೆದು, ಬಕ್ರೀದಿಗೆ ಒಂದು ಹಳದಿ ಅಂಗಿ ಕಳಿಸಿದೆ. ಸಿಟ್ಟು ಬಂತು ಅವನಿಗೆ. ಉಮ್ಮನತ್ರ ಬೊಂಬಾಯಿಗೆ ಹೋಗ್ತೇನೆ ಅಂತ ಹೇಳಿ ಹೊರಟನಂತೆ, ಜುಲೈ ಇಪ್ಪತ್ತಕ್ಕೆ. ಅದೇ ಅಂಗಿ ಹಾಕಿಕೊಂಡು."

ಅವರು ಪರದೆಯ ಮೇಲಿನ ಆ ಪ್ರಶ್ನೆಚಿಹ್ನೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಹೆಸರು ಹಾಕಬಹುದಾ?" ಎಂದು ಕೇಳಿದರು. ಹಾಕಬಹುದು ಎಂದೆ. ಅವರು ಆ ಚಿಹ್ನೆ ಅಳಿಸಿ, ಎರಡು ಬೆರಳಲ್ಲಿ, ನಿಧಾನವಾಗಿ, ಅಸ್ಕರ್ ಎಂದು ಟೈಪ್ ಮಾಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. ಯಾರಿಗೂ ಫೋನು ಮಾಡಲಿಲ್ಲ.

"ಯಾರಿಗೆ ಹೇಳುವುದು? ಉಮ್ಮ ಇಲ್ಲ," ಎಂದರು. "ಇಷ್ಟು ವರ್ಷ ಅವನು ಬೊಂಬಾಯಿಯಲ್ಲಾದರೂ ಇದ್ದ, ಶೋಧನ್."

ಏಳನೇ ಸಾಲಿಗೆ ನಾವಿಬ್ಬರೂ ಹೋದೆವು. ಅವರ ಕೋಣೆಯ ಕಿಟಕಿಯಿಂದ ಅದು ಇಪ್ಪತ್ತು ಹೆಜ್ಜೆಯೂ ಇಲ್ಲ. ಹನ್ನೊಂದು ವರ್ಷದಿಂದ ಅವರು ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಆ ಸಾಲಿನ ಮರಕ್ಕೇ ಕಟ್ಟಿತ್ತು. ಅವರು ಅದನ್ನು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ನಾನೂ ಕೈ ಹಾಕಿದೆ.

ಹನ್ನೊಂದು ಗಂಟೆಗೆ ಈಗ ಅವರ ಫೋನು ಬರುವುದಿಲ್ಲ. ನಾನೇ ಮಾಡುತ್ತೇನೆ. "ನಿನಗೆ ಕೆಲಸ ಇಲ್ಲವಾ ಮಾರಾಯ?" ಎನ್ನುತ್ತಾರೆ, ಆದರೆ ಇಡುವುದಿಲ್ಲ.