ಎದುರಿಗೆ ಕೂತು ಆಡಿದ ಮಾತು

ಮಾತಾಡುವಾಗ ಪಕ್ಕದ ಮನೆಯ ಅಕ್ಕನ ಕೊರಳಿನ ಎಡಗಡೆ ಒಂದು ನರ ಉಬ್ಬುತ್ತಿತ್ತು. ಕಿರುಬೆರಳಿನಷ್ಟು ದಪ್ಪ. ಜಗಳವೇ ಆಗಬೇಕೆಂದಿಲ್ಲ, ಗಂಡನನ್ನು ಊಟಕ್ಕೆ ಕರೆಯುವಾಗಲೂ ಅದು ಹಾಗೇ ಉಬ್ಬುತ್ತಿತ್ತು. ಆಕೆಯ ದನಿ ನಮ್ಮ ಓಣಿಯ ಈ ತುದಿಯಿಂದ ಹೊರಟರೆ ಆ ತುದಿಯ ಹಿಟ್ಟಿನ ಗಿರಣಿ ಮುಟ್ಟುತ್ತಿತ್ತು. ಸಂಡೂರಿನಲ್ಲಿ ಆಕೆಯ ಪಕ್ಕದ ಮನೆಗೆ ಬಾಡಿಗೆಗೆ ಬಂದ ಮೊದಲ ವಾರ, ಇಂಥ ಗಂಟಲಿನವಳ ಜೊತೆ ಹೇಗಪ್ಪಾ ಬಾಳ್ವೆ ಮಾಡುವುದು ಎಂದು ನಾನು ಹೆದರಿದ್ದೆ.

ಅದು ಗಣಿಯ ಭರಾಟೆಯ ಕಾಲ. ಬೆಳಗಾದರೆ ಅದಿರಿನ ಲಾರಿಗಳ ಸಾಲು, ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಕೆಂಪು. ನಾನು ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದ್ದೆ. ನನ್ನ ಗಂಡನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅವರು ಬರುವ ಹೊತ್ತಿಗೆ ನಾನು ಶಾಲೆಗೆ ಹೊರಟಿರುತ್ತಿದ್ದೆ, ನಾನು ಬರುವ ಹೊತ್ತಿಗೆ ಅವರು ಮಲಗಿರುತ್ತಿದ್ದರು. ನಮ್ಮಲ್ಲಿ ಜಗಳವೆಂಬುದೇ ಇರಲಿಲ್ಲ. ಅದನ್ನೇ ಸುಖ ಸಂಸಾರ ಎಂದು ನಾನು ತಿಳಿದಿದ್ದೆ.

ಅಕ್ಕ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಬಳೆಗಳನ್ನು ಮೊಣಕೈತನಕ ಏರಿಸಿ, ಒಲೆಯ ಕಡೆ ಮುಖ ಮಾಡಿ ಕೂತರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಸಂಸಾರದ ಮಾತನ್ನೆಲ್ಲ ಅಲ್ಲಿಂದಲೇ, ಒಲೆಗೆ ಹೇಳಿದಂತೆ ಹೇಳುತ್ತಿದ್ದಳು. ನನಗಾಗಿ ದಿನಾ ಎರಡು ಬಿಸಿ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ತೆಗೆದಿಡುತ್ತಿದ್ದಳು. ಒಂದು ತಿಂಗಳೊಳಗೆ ನನ್ನನ್ನು ‘ನೀವು’ ಅನ್ನುವುದು ಬಿಟ್ಟು ‘ನೀ’ ಅನ್ನತೊಡಗಿದಳು. ಊರಿನಲ್ಲಿ ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಆಕೆಯ ಗಂಡ ಅದಿರು ಪುಡಿ ಮಾಡುವ ಕ್ರಷರಿನಲ್ಲಿ ಆಪರೇಟರ್. ಬಹಳ ವರ್ಷಗಳಿಂದ ಅದೇ ಯಂತ್ರದ ಪಕ್ಕ ನಿಂತವರು. ಎತ್ತರದ, ಮೆದು ಮನುಷ್ಯ. ಎದುರಿಗೆ ಸಿಕ್ಕರೆ ನಗುತ್ತಿದ್ದರು, ಏನು ಹೇಳಿದರೂ ತಲೆ ಆಡಿಸುತ್ತಿದ್ದರು. ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಒಳಗಿನಿಂದ ಅಕ್ಕ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಮೂರು ವರ್ಷದಿಂದ ಹೀಗೇ ಎಂದು ಆಕೆ ಹೇಳುತ್ತಿದ್ದಳು.

“ನಮ್ಮ ಮನ್ಯಾಗ ಗ್ವಾಡಿನೂ ಐತಿ, ಗಂಡನೂ ಅದಾನ. ಎರಡೂ ಒಂದ ಥರ,” ಎಂದು ನಗುತ್ತಿದ್ದಳು. ನಗುವಿನ ಹಿಂದೆ ಏನಿತ್ತೆಂಬುದು ಆಮೇಲೆ ತಿಳಿಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಅದಕ್ಕೇ ಗಂಡನ ಮನಸ್ಸು ತನ್ನಿಂದ ದೂರವಾಗಿದೆ, ಇನ್ನೊಂದು ಮದುವೆಯ ಯೋಚನೆ ಇರಬೇಕು, ಹೇಳಲಾರದೆ ಮಾತು ಬಿಟ್ಟಿದ್ದಾನೆ ಎಂದು ಆಕೆ ನಂಬಿಬಿಟ್ಟಿದ್ದಳು. ಕೇಳಿ ನೋಡು ಎಂದರೆ, ಕೇಳಿದೆ, ಅದಕ್ಕೂ ಉತ್ತರವಿಲ್ಲ ಎಂದಳು.

ಓಣಿಯಲ್ಲೆಲ್ಲ ಕೀಲುನೋವಿನ ಜ್ವರ ಹಬ್ಬಿದ ವರ್ಷ ಅಕ್ಕನೂ ಮಲಗಿದಳು. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಆಕೆಯನ್ನು ನೋಡಲು ಹೋದೆ. ಕಟ್ಟೆಯ ಮೇಲೆ ಆಕೆಯ ಗಂಡ ಕೂತಿದ್ದರು. ಒಳಗೆ ಅಕ್ಕ ಗೋಡೆ ಹಿಡಿದು ಏಳಲು ಹೋಗಿ ನೆಲದ ಮೇಲೆ ಕುಸಿದಿದ್ದಳು. ತುಟಿಗಳು ಒಡೆದಿದ್ದವು. ನೀರು ಕೊಟ್ಟೆ. ಕುಡಿದು, ಗಂಡನ ಕಡೆ ಬೆರಳು ತೋರಿಸಿ, ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ ಎಂದಳು. ಆಮೇಲೆ ಮುಖ ಮುಚ್ಚಿಕೊಂಡು, “ಸಾಯ್ಲಿ ಅಂತ ಕುಂತಾನ ನೋಡು,” ಎಂದಳು.

ನನಗೆ ಮೈ ಉರಿದುಹೋಯಿತು. ಹೊರಗೆ ಬಂದು ಅವರ ಬೆನ್ನ ಹಿಂದೆ ನಿಂತೇ ಬಾಯಿಗೆ ಬಂದದ್ದು ಅಂದೆ. ನಿಮ್ಮ ಎದೆಯೇನು ಕಲ್ಲೇ ಎಂದೂ ಕೇಳಿದೆ. ಅವರು ಬೀದಿ ನೋಡುತ್ತಲೇ ಇದ್ದರು. ಒಂದು ಲಾರಿ ಹಾರ್ನ್ ಹೊಡೆಯುತ್ತ ಬಂತು, ಅದು ಕಣ್ಣಿಗೆ ಬೀಳುವವರೆಗೂ ಅವರು ಕತ್ತು ಹೊರಳಿಸಲಿಲ್ಲ. ಆಗ ನನಗೆ ಏನೋ ಹೊಳೆಯಿತು. ಮುಂದೆ ಹೋಗಿ ನಿಂತೆ. ನನ್ನನ್ನು ಕಂಡು ಯಾವತ್ತಿನಂತೆ ನಕ್ಕರು. ಅವರ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು.

ಮೆಲ್ಲಗೆ, ದನಿಯೇ ಇಲ್ಲದೆ ಬರೀ ತುಟಿ ಆಡಿಸಿ, ಅಣ್ಣ, ನಿಮಗೆ ಕಿವಿ ಕೇಳಿಸುತ್ತದೆಯೇ ಎಂದೆ. ಅವರ ಮುಖದಿಂದ ನಗು ಇಳಿದುಹೋಯಿತು.

“ಇಲ್ರಿ ಟೀಚರ್. ಮೂರು ವರ್ಸಾತು,” ಎಂದರು.

ಕ್ರಷರಿನ ಹತ್ತಿರ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಗೊತ್ತಾದರೆ ಆ ಕೆಲಸದಿಂದ ಇಳಿಸುತ್ತಾರೆ ಎಂಬ ಹೆದರಿಕೆ. ಹೆಂಡತಿಗಾದರೂ ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ, ಆಕೆಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ ಎಂದರು. ಇನ್ನೊಂದು ಕಾರಣವನ್ನೂ ಹೇಳಿದರು. ಮಕ್ಕಳಂತೂ ಇಲ್ಲ, ಇನ್ನು ಕಿವುಡ ಗಂಡನೂ ಆದರೆ ಆಕೆಗೆ ಉಳಿಯುವುದಾದರೂ ಏನು? ಯಾರಿಗೂ ಹೇಳಬೇಡಿರೆಂದು ಕೈ ಮುಗಿದರು. ನಾನು ಆಗಲಿ ಎಂದೆ.

ಜ್ವರ ಬಿಟ್ಟ ಮೇಲೆ ಅಕ್ಕ ಸೀರೆಗಳನ್ನು ಗಂಟು ಕಟ್ಟಿಕೊಂಡು ಕಂಪ್ಲಿಯ ತವರಿಗೆ ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ನಾನೇ ಹೋಗಿ ಹತ್ತಿಸಿದೆ. ನಾಲಿಗೆಯ ತುದಿಯಲ್ಲಿ ಮಾತಿತ್ತು. ಆಡಲಿಲ್ಲ. ಗಂಡಹೆಂಡಿರ ನಡುವೆ ನಾನ್ಯಾಕೆ ಹೋಗಲಿ, ಒಬ್ಬರ ಅನ್ನದ ಪ್ರಶ್ನೆ, ಇವತ್ತಲ್ಲ ನಾಳೆ ಅವರೇ ಹೇಳುತ್ತಾರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಆರು ತಿಂಗಳು ಕಳೆಯಿತು. ಅವರು ಹೇಳಲಿಲ್ಲ. ಖಾನಾವಳಿಯಲ್ಲಿ ಉಂಡು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಅಂಗಿಯ ಗುಂಡಿ ಬಿದ್ದರೆ ಹಾಗೇ ಬಿಡುತ್ತಿದ್ದರು. ನನ್ನನ್ನು ಕಂಡರೆ ಮೊದಲಿನಂತೆ ನಗದೆ ತಲೆ ತಗ್ಗಿಸುತ್ತಿದ್ದರು.

ಕೊನೆಗೆ ಕಂಪ್ಲಿಗೆ ಹೋಗಿಬಂದ ಹಿಟ್ಟಿನ ಗಿರಣಿಯವರು ಒಂದು ಸುದ್ದಿ ತಂದರು. ಅಕ್ಕ ತಾನಾಗಿ ಗಂಡನಿಗೆ ಇನ್ನೊಂದು ಹೆಣ್ಣು ನೋಡಲು ಒಪ್ಪಿದ್ದಾಳೆ, ಮುಂದಿನ ವಾರ ಹಿರಿಯರು ಕೂಡಲಿದ್ದಾರೆ ಎಂದು. ಮರುದಿನವೇ ಭಾನುವಾರ. ನಾನು ಬಸ್ ಹತ್ತಿದೆ.

ಆಕೆ ತನ್ನ ಅಣ್ಣನ ಮನೆಯ ಮಾಳಿಗೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಬಿಸಿಲಿಗೆ ಕೂರಬೇಡ, ಈ ಕಡೆ ಬಾ ಎಂದು ಜಾಗ ಮಾಡಿದಳು. ನಾನು ಕೂತು, ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆಯ ಕೈ ಮೊರದಲ್ಲಿನ ಅಕ್ಕಿಯ ಮೇಲೆ ನಿಂತುಹೋಯಿತು. ಆಮೇಲೆ ಕೇಳಿದಳು.

“ನಿಮಗ ಯಾವಾಗಿಂದ ಗೊತ್ತು?”

ಜ್ವರ ಬಂದಾಗಿನಿಂದ ಎಂದೆ.

“ನನ್ನ ಬಸ್ಸಿಗೆ ಹತ್ತಿಸಿದ್ರಲ್ಲ, ಆವಾಗ ಗೊತ್ತಿತ್ತು?”

ಹೌದು ಎಂದೆ. ಆಕೆ ತಲೆ ಆಡಿಸಿ ಅಕ್ಕಿಯನ್ನು ಡಬ್ಬಿಗೆ ಸುರಿದು ಎದ್ದಳು. ಅವತ್ತು ನನ್ನನ್ನು ‘ನೀವು’ ಅಂದವಳು ಮತ್ತೆ ಯಾವತ್ತೂ ‘ನೀ’ ಅನ್ನಲಿಲ್ಲ.

ಸಂಜೆ ನನ್ನ ಜೊತೆಗೇ ಸಂಡೂರಿಗೆ ಬಂದಳು. ಗಂಡ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದರು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಮೊದಲು ಕರೆದಳು. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಆಮೇಲೆ ಓಣಿಯ ಯಾವ ಹೆಂಗಸೂ ಗಂಡನಿಗೆ ಅನ್ನಬಾರದ ಒಂದು ಬೈಗುಳವನ್ನು ಅಂದಳು. ಅವರು ಹಾಗೇ ಬೀದಿ ನೋಡುತ್ತಿದ್ದರು. ಅಕ್ಕ ನಿಂತಲ್ಲೇ ಕುಕ್ಕರಿಸಿದಳು. ಮೂರು ವರ್ಷ ತಾನು ಎಸೆದ ಮಾತೆಲ್ಲ ಎಲ್ಲಿ ಬಿತ್ತು ಎಂದು ಆಕೆಗೆ ಆಗ ಗೊತ್ತಾಗಿರಬೇಕು. ಎಲ್ಲವನ್ನೂ ತಾನೊಬ್ಬಳೇ ಕೇಳಿಸಿಕೊಂಡಿದ್ದಳು.

ಎಲ್ಲ ಅಲ್ಲಿಗೆ ಸರಿಹೋಯಿತು ಎಂದರೆ ಸುಳ್ಳಾದೀತು. ಮುಂದಿನ ತಿಂಗಳುಗಳು ಅದಕ್ಕಿಂತ ಕಷ್ಟದವು. ತನ್ನನ್ನು ಯಾಕೆ ನಂಬಲಿಲ್ಲ ಎಂದು ಆಕೆಗೆ ಸಿಟ್ಟು, ಗುಟ್ಟು ಬಯಲಾಯಿತೆಂದು ಅವರಿಗೆ ನಾಚಿಕೆ. ಹೊಸಪೇಟೆಯ ಡಾಕ್ಟರ್ ಕಿವಿಗೆ ಯಂತ್ರ ಕೊಟ್ಟರು. ಅದರಿಂದ ಸದ್ದು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವರು ತಾವೇ ಹೋಗಿ ಸೂಪರ್‌ವೈಸರಿಗೆ ಹೇಳಿದರು. ಹೆದರಿದ್ದಂತೆಯೇ ಆಯಿತು. ಕ್ರಷರಿನಿಂದ ಇಳಿಸಿ ಸಾಮಾನಿನ ಶೆಡ್ಡಿಗೆ ಕಾವಲು ಹಾಕಿದರು. ಆವತ್ತು ಮನೆಗೆ ಬಂದವರು ಎರಡು ದಿನ ಉಣ್ಣಲಿಲ್ಲ.

ಅಕ್ಕ ಮಾತ್ರ ಹಟ ಬಿಡಲಿಲ್ಲ. ಒಲೆಯನ್ನೇ ಕಿತ್ತು, ಬಾಗಿಲಿಗೆ ಎದುರಾಗಿ ಹಾಕಿಸಿದಳು. ಏನು ಹೇಳುವುದಿದ್ದರೂ ಮೊದಲು ಅವರ ಮೊಣಕೈ ಮುಟ್ಟಿ, ಎದುರಿಗೆ ಕೂತು, ಆಮೇಲೆ ಹೇಳುತ್ತಿದ್ದಳು. ಅವರು ಹಳೆಯ ಅಭ್ಯಾಸದಂತೆ ತಲೆ ಆಡಿಸಿದರೆ ಒಪ್ಪುತ್ತಿರಲಿಲ್ಲ.

“ಹ್ಞೂಂ ಅನಬ್ಯಾಡ್ರಿ. ನಾ ಏನಂದೆ, ಹೇಳ್ರಿ,” ಎನ್ನುತ್ತಿದ್ದಳು.

ಅವರು ಹೇಳುತ್ತಿದ್ದರು. ಎಷ್ಟೋ ಸಲ ತಪ್ಪು ಹೇಳುತ್ತಿದ್ದರು. ಅಕ್ಕ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಕೆಲವು ದಿನ ಅವರು ರೇಗಿ ಎದ್ದುಹೋಗುತ್ತಿದ್ದರು. ಕೆಲವು ದಿನ ಆಕೆಯೇ ಅಳುತ್ತ ಒಳಗೆ ಹೋಗುತ್ತಿದ್ದಳು. ಮರುದಿನ ಬೆಳಿಗ್ಗೆ ಇಬ್ಬರೂ ಮತ್ತೆ ಎದುರು ಬದುರು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ನೀರು ಹಾಕುತ್ತಿದ್ದಾಗ ಆಕೆ ಮಕ್ಕಳ ವಿಷಯ ಎತ್ತಿದ್ದು ಕೇಳಿಸಿತು. ಎರಡನೆಯ ಮದುವೆಯ ಮನಸ್ಸಿತ್ತೇ ಎಂದು ಕೇಳಿದಳು. ನಾ ಏನು ಕೇಳಿದೆ ಹೇಳಿ ಎಂದಳು. ಅವರು ಆ ಪ್ರಶ್ನೆಯನ್ನು ಒಂದೊಂದೇ ಶಬ್ದವಾಗಿ ತಿರುಗಿ ಹೇಳಿದರು. “ಕನಸಿನಾಗೂ ಇಲ್ಲ. ನೀ ಬಿಟ್ಟು ಹೋಕ್ಕಿ ಅಂತ ನಾ ಹೆದರಿದ್ದೆ,” ಎಂದರು. ನಾನು ಕೊಡ ಅಲ್ಲೇ ಇಟ್ಟು ಒಳಗೆ ಬಂದುಬಿಟ್ಟೆ.

ಆ ವಾರ ನನ್ನ ಗಂಡ ಶಿಫ್ಟ್ ಮುಗಿಸಿ ಬಂದಾಗ, ನಾನು ಶಾಲೆಗೆ ರಜೆ ಹಾಕಿ ಅವರೆದುರು ಕೂತೆ. ಮದುವೆಯಾದಾಗಿನಿಂದ ನನಗೆ ಬೇಸರವಿದೆ ಎಂದೆ. ಅವರು ಗಾಬರಿಯಾಗಿ, ತಮಗೂ ಇದೆ ಎಂದರು. ನಮ್ಮಿಬ್ಬರ ಮೊದಲ ನಿಜವಾದ ಮಾತು ಅದು. ಇಂದಿಗೂ ನಾವು ಮಾತಾಡುವ ಇಬ್ಬರಾಗಿ ಉಳಿದಿದ್ದರೆ ಅದು ಅಕ್ಕ ಕೊಟ್ಟದ್ದು.

ಆಮೇಲೆ ನನಗೆ ಹೊಸಪೇಟೆಗೆ ವರ್ಗವಾಯಿತು. ಹಬ್ಬಗಳಿಗೆ ಹೋಗಿಬರುತ್ತಿದ್ದೆ. ರೊಟ್ಟಿ ಕೊಡುತ್ತಿದ್ದಳು, “ಕುಂದ್ರಿ, ಉಣ್ರಿ” ಎನ್ನುತ್ತಿದ್ದಳು. ಆ ಆರು ತಿಂಗಳ ಮಾತು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಗಣಿಗಳು ನಿಂತ ವರ್ಷ ಆಕೆ ಎದೆನೋವಿನಿಂದ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಆಕೆಯ ಗಂಡ ಒಳಗೆ ಕಂಬಳಿಯ ಮೇಲೆ ಕೂತಿದ್ದರು. ಎದುರಿಗೆ ಕೂತು, ಅವರಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದೆ: ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಬಾಯಿ ಬಿಡದೆ ಇದ್ದದ್ದು ನನ್ನ ತಪ್ಪು, ತಪ್ಪಾಯಿತೆಂದು ಅಕ್ಕನಿಗೆ ಹೇಳಲೇ ಇಲ್ಲ. ಆಕೆ ಎಂದೋ ಮರೆತಿರಬೇಕು ಅಲ್ಲವೇ ಎಂದೂ ಕೇಳಿದೆ. ಹೌದು ಎನ್ನುತ್ತಾರೆಂದು ಕಾದೆ.

“ಇಲ್ರಿ ಟೀಚರ್,” ಎಂದರು. “ಹಬ್ಬ ಬಂದಾಗೆಲ್ಲ, ಈ ಸಲ ಆ ಮಾತು ಆಡ್ತಾರೇನೋ ಅಂತ ನಿಮ್ಮ ದಾರಿ ಕಾಯ್ತಿದ್ಲು. ಎರಡು ವರ್ಸದಿಂದ ಕಾಯೋದು ಬಿಟ್ಟಿದ್ಲು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದರು ಅಷ್ಟೇ. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ಕೂತಿದ್ದೆ.