ಎರಡು ವಿಮಾನ ತಾಗಲಿಲ್ಲ, ನಾನು ಹಿರೇಕೆರೂರಿಗೆ ಹೋದೆ

ಶನಿವಾರ ಬೆಳಗ್ಗೆ ಹುಬ್ಬಳ್ಳಿಯಲ್ಲಿ ರೈಲು ಇಳಿದು ಶಿಗ್ಗಾಂವದ ಬಸ್ಸು ಹತ್ತಿದೆ. ಆಧಾರ್ ತೋರಿಸಿದ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಕೂರಲು ಜಾಗ ಮಾತ್ರ ಇರಲಿಲ್ಲ. ತಾಸಿಗೂ ಮಿಕ್ಕಿದ ದಾರಿಯನ್ನು ನಿಂತೇ ಸವೆಸಿದೆ. ಶಿಗ್ಗಾಂವದ ನಿಲ್ದಾಣದ ಕಟ್ಟೆಯ ಮೇಲೆ ಅವ್ವ ಹಿರೇಬೆಂಡಿಗೇರಿಯಿಂದ ಬಂದು ಆಗಲೇ ಕೂತಿದ್ದಳು. ಸುತ್ತ ಗುರುತು ಪರಿಚಯವಿಲ್ಲದ ಹೆಂಗಸರು.

“ಇಕೀನ ನೋಡ್ರಿ ನನ್ನ ಮಗಳು,” ಎಂದಳು ಅವ್ವ. “ಎರಡು ಇಮಾನ ಬಡಕೊಳ್ಳೂದನ್ನ ಒಬ್ಬಾಕಿನ ತಪ್ಪಿಸ್ಯಾಳ.”

ನಾನೇನೋ ಕೈಯಿಂದ ಹಿಡಿದು ನಿಲ್ಲಿಸಿದ್ದೆ ಎಂಬಂತೆ ಅವರೆಲ್ಲ ನನ್ನ ಕೈ ನೋಡಿದರು.

ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮೂರು ದಿನ ಯಾರೂ ನನ್ನನ್ನು ಹೇಳಗೊಡಲಿಲ್ಲ. ಪೈಲಟ್ ಆಗುವ ಹುಡುಗರು ಸಣ್ಣ ವಿಮಾನಗಳಲ್ಲಿ ಕಲಿಯುವ ಒಂದು ನಿಲ್ದಾಣವಿದೆ. ಅದರ ಗೋಪುರದಲ್ಲಿ ಕೂತು, ಯಾರು ಮೊದಲು ಇಳಿಯಬೇಕು, ಯಾರು ಕಾಯಬೇಕು ಎಂದು ರೇಡಿಯೋದಲ್ಲಿ ಹೇಳುವುದು ನನ್ನ ಕೆಲಸ. ಹಿಂದಿನ ವಾರ ಮೂರು ವಿಮಾನ ಇಳಿಯಲು ಬರುತ್ತಿದ್ದವು. ಮೂರನೆಯದರ ಹುಡುಗನಿಗೆ, ಮುಂದಿನ ವಿಮಾನ ಕಂಡಿತೇ, ಅದರ ಹಿಂದೆ ಬಾ ಎಂದೆ. ಕಂಡಿತು ಎಂದ. ಅವನಿಗೆ ಕಂಡದ್ದು ಇನ್ನೇನು ನೆಲ ಮುಟ್ಟಲಿದ್ದ ಮೊದಲನೆಯದು. ನಡುವಿನದು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಮುಂದೆ ಎರಡಿವೆ ಎಂದು ನಾನು ಹೇಳಿರಲಿಲ್ಲ. ಅವನು ನಡುವಿನದಕ್ಕಿಂತ ಮೊದಲೇ ರನ್‌ವೇ ಕಡೆ ತಿರುಗಿದ್ದು ಗಾಜಿನಾಚೆ ಕಂಡ ಕೂಡಲೇ, ಮೇಲೇರು, ಬಲಕ್ಕೆ ಹೊರಳು ಎಂದೆ. ಒಂದು ತೆಂಗಿನಮರದಷ್ಟು ಅಂತರದಲ್ಲಿ ಒಂದರ ಮೇಲಿಂದ ಇನ್ನೊಂದು ಹಾದುಹೋಯಿತು.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ಬುಧವಾರ ಬೆಳಗ್ಗೆ ಹಿರಿಯರೆದುರು ಮರುಪರೀಕ್ಷೆ. ಹಾಜರಾಗದಿದ್ದರೆ ಆ ಕುರ್ಚಿ ಬೇರೆಯವರದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಬಿ.ಎಸ್‌ಸಿ. ಮಾಡಿದವಳು ನಾನು. ಆ ಕುರ್ಚಿಯನ್ನು ಯಾರೂ ನನಗೆ ಕರೆದು ಕೊಟ್ಟದ್ದಲ್ಲ. ಆದರೆ ಸೋಮವಾರ ಹಿರೇಕೆರೂರಿನಲ್ಲಿ ಸೋದರಮಾವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. “ಖಾಲಿ ಕುಂತೀದಿ, ಬಾ” ಎಂದು ಅವ್ವ ಫೋನಿನಲ್ಲಿ ಹಟ ಹಿಡಿದಿದ್ದಳು. ಅಪ್ಪ ಗೋವಿನಜೋಳದ ರಾಶಿ ಇದೆಯೆಂದು ಜಾಣತನದಿಂದ ಊರಲ್ಲೇ ಉಳಿದಿದ್ದ.

ಮಧ್ಯಾಹ್ನದ ಬಿಸಿಲಲ್ಲಿ ಸವಣೂರು ಮುಟ್ಟಿದೆವು. ಅಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆಯ ಲೆಕ್ಕವೇ ಬೇರೆ.

“ಕಣ್ಣು ಬಿದ್ದಾವು. ಅಷ್ಟು ಎತ್ತರಕ್ಕ ಹತ್ತಿ ಕುಂತ್ರ ಬೀಳದ ಏನ ಮಾಡ್ತಾವು?”

“ಕಣ್ಣಲ್ಲ ಅತ್ತಿ. ನಾ ಹೇಳಬೇಕಾದ್ದು ಹೇಳಲಿಲ್ಲ.”

“ಬಾಯಿ ಮುಚ್ಚು. ನಿವಾಳಸೂಮುಂದ ಮಾತಾಡಬಾರದು.”

ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. “ನೋಡು, ಘಾಟಽ ಇಲ್ಲ. ಭಾಳ ದೃಷ್ಟಿ ಆಗಿತ್ತು,” ಎಂದಳು. ನಾನು ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಆಮೇಲೆ ಚಹಾದ ಜೊತೆ ಕುರುಕಲು ಕೊಟ್ಟ ಖಾರ ಮಾತ್ರ ಗರಿಗರಿಯಾಗಿತ್ತು. ಸವಣೂರಿನ ಖಾರದ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗದು.

ಭಾನುವಾರ ಹಾವೇರಿ ಮೇಲೆ ಹಾಯ್ದು ಹಾನಗಲ್ಲಿಗೆ ಬಂದೆವು. ಅಲ್ಲಿ ಹಿರೇಕೆರೂರಿನ ಬಸ್ಸಿಗಾಗಿ ಒಂದೂವರೆ ತಾಸು ಕಾದು, ಮೆತ್ತಗಾದ ಮಿರ್ಚಿ ತಿಂದೆವು. ಬಸ್ಸು ಅಕ್ಕಿಆಲೂರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಎದುರಿಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರು ಬಂತು. ಇಬ್ಬರೂ ವೇಗ ತಗ್ಗಿಸಲಿಲ್ಲ. ಕಿಟಕಿಯಿಂದ ಕೈ ಚಾಚಿದ್ದರೆ ಚೀಲಕ್ಕೆ ತಾಗುತ್ತಿತ್ತು. ಇಬ್ಬರೂ ಗಾಡಿ ನಿಲ್ಲಿಸಿ, ಒಬ್ಬರ ತಾಯಿಯನ್ನು ಇನ್ನೊಬ್ಬರು ನೆನೆದು ಬೈದಾಡಿದರು. ನಂತರ ನಮ್ಮ ಡ್ರೈವರು ಅವನ ಹತ್ತಿರವೇ ಸುಣ್ಣ ಕೇಳಿ ಪಡೆದು ತಂಬಾಕು ತಿಕ್ಕಿದ.

“ಸ್ವಲ್ಪದರಾಗ ತಪ್ಪಿತಲ್ರಿ!” ಎಂದೆ ಕಂಡಕ್ಟರಿಗೆ.

“ತಾಗಿಲ್ಲಲ್ರೀ ಅಕ್ಕಾರ. ತಾಗಿದ ಮ್ಯಾಲೆ ನೋಡೂಣಂತ.”

“ನಮ್ಮ ಕೆಲಸದಾಗ ತಾಗಿದ ಮ್ಯಾಲೆ ನೋಡಾಕ ಯಾರೂ ಉಳಿಯೂದಿಲ್ಲ.”

ಅವ್ವನಿಗೆ ಇದೇ ಸಂದಿ ಸಾಕಾಯಿತು. ಹಿಂದಿನ ಸೀಟಿನವರಿಗೂ ವಿಮಾನದ ಕತೆ ಶುರುವಾಯಿತು. ಈ ಸಲ ಅದರೊಳಗೆ ನೂರು ಜನ ಪ್ರಯಾಣಿಕರಿದ್ದರು. ನಾನು ತಡೆದೆ. “ಎರಡರಾಗೂ ಕೂಡಿ ಮೂರು ಮಂದಿ ಇದ್ರು, ಯವ್ವಾ. ಹತ್ರ ಹೋಗಾಕ ಬಿಟ್ಟಾಕಿ ನಾನಽ.” ಅವ್ವ ಅವರ ಕಡೆ ತಿರುಗಿ, “ನೋಡ್ರಿ, ಎಷ್ಟು ಸಣ್ಣಾಕ್ಯಾಗಿ ಮಾತಾಡ್ತಾಳ” ಎಂದಳು.

ಹಿರೇಕೆರೂರಿನಲ್ಲಿ ಕಾರ್ಯ ಚೆನ್ನಾಗಿ ನಡೆಯಿತು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ಕೂಸಿನ ಕಿವಿಯಲ್ಲಿ ಹೆಸರು ಕರೆದು ಮುಗಿದ ಮೇಲೆ, ಕೂಸಿಗಿಂತ ಹೆಚ್ಚು ಜನ ನನ್ನನ್ನು ನೋಡಲು ಬಂದರು. ಅರ್ಧದಷ್ಟು ಮಂದಿಗೆ ನಾನು ಶೂರೆ, ಇನ್ನರ್ಧಕ್ಕೆ ಪಾಪದವಳು. ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಸಂಜೆ ಮಾಮ ತೀರ್ಪು ಕೊಟ್ಟ.

“ಶೈಲಾ, ಸಾಕವ್ವ ಆ ಆಕಾಶದ ಉಸಾಬರಿ. ಇಲ್ಲೇ ಶಾಲಿ ಒಳಗ ಮಾಸ್ತರಕಿ ನೋಡು.”

“ನಾಳೆ ಮಧ್ಯಾಹ್ನ ಹೊರಡತೇನಿ ಮಾಮಾ. ಹಾವೇರಿಯಿಂದ ರಾತ್ರಿ ರೈಲು.”

“ನಾಳೆ ಮಂಗಳವಾರ. ಮನೀಮಗಳನ್ನ ಮಂಗಳವಾರ ಹೊಸ್ತಿಲಾ ದಾಟಸೂದಿಲ್ಲ ನಮ್ಮಲ್ಲಿ. ಬುಧವಾರ ಹೋಗು.”

“ಬುಧವಾರ ಮುಂಜಾನೆ ಪರೀಕ್ಷಾ ಐತಿ!”

“ನಿಮ್ಮ ಸಾಹೇಬ್ರಿಗೆ ಫೋನ್ ಹಚ್ಚು, ನಾ ಹೇಳ್ತೇನಿ.”

ಅವ್ವನ ಮುಖ ನೋಡಿದೆ. ಊರೆಲ್ಲ ನನ್ನನ್ನು ಹೊಗಳಿಕೊಂಡು ಬಂದವಳು, ತಮ್ಮನೆದುರು ತುಟಿ ಪಿಟ್ ಎನ್ನದೆ ಎಲೆ ಮಡಿಚುತ್ತಿದ್ದಳು. ಮೂರು ದಿನದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಮಂಗಳವಾರ ಬೆಳಗ್ಗೆ ಎದ್ದು ನೋಡಿದರೆ ನನ್ನ ಚೀಲವೇ ಇಲ್ಲ. ಮಾಮನೇ ಬಚ್ಚಿಟ್ಟಿದ್ದಾನೆಂದು ತಿಳಿದು ಚಹಾದ ಕಪ್ಪು ಹಿಡಿದೇ ಪಡಸಾಲೆಯಲ್ಲಿ ಜಗಳಕ್ಕೆ ನಿಂತೆ. ಅವನು ಕಣ್ಣು ಕಣ್ಣು ಬಿಟ್ಟ. ಆಗ ಅವ್ವ ಅಡಿಗೆಮನೆಯಿಂದ ಹೊರಬಂದಳು.

“ಯಾಕ ಒದರತೀರಿ? ಅಕಿ ನಿನ್ನೇನ ಹ್ವಾದಳು.”

“ಎಲ್ಲಿಗಿ ಹ್ವಾದಳು ಅಕ್ಕಾ? ಇಲ್ಲೇ ನಿಂತು ಚಾ ಕುಡ್ಯಾಕತ್ತಾಳಲ್ಲ!”

“ಚಾ ಕುಡೀಲಿ. ಚೀಲ ಸೋಮವಾರ ಸಂಜಿನ ಹೊಸ್ತಿಲಾ ದಾಟೇತಿ. ಎದುರಿನ ಮನ್ಯಾಗ ಪ್ರಸ್ತಾನ ಇಟ್ಟು ಬಂದೇನಿ.”

ಆಗದ ದಿನ ಹೊರಡಬೇಕಾದವರು ಹಿಂದಿನ ದಿನವೇ ತಮ್ಮ ಗಂಟನ್ನು ಇನ್ನೊಬ್ಬರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ. ಹಳೆಯ ಪದ್ಧತಿ. ಪದ್ಧತಿಯನ್ನೇ ಎತ್ತಿ ಆಡಿದ್ದ ಮಾಮ, “ಹಂಗಾದ್ರ ಇವತ್ತು ಈ ಮನ್ಯಾಗ ಇಕಿ ಏನ ಆದಂಗಾತು?” ಎಂದು ಗೊಣಗಿದ.

“ಮನಿಗೆ ಬಂದ ಬೀಗರು,” ಎಂದಳು ಅವ್ವ. “ಉಪ್ಪಿಟ್ಟಿಗೆ ತುಪ್ಪ ಹಾಕು.”

ಮಧ್ಯಾಹ್ನ ನಿಲ್ದಾಣಕ್ಕೆ ಬಂದವನೂ ಮಾಮನೇ. ಹಾವೇರಿ ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಹೆಗಲ ಮೇಲಿನ ಟವೆಲು ಎಸೆದು ಸೀಟು ಹಿಡಿದ. ಬಸ್ಸು ಹೊರಟ ಮೇಲೆ ಹೊರಳಿ ನೋಡಿದೆ. ಅವನು ಬರಿ ಹೆಗಲಲ್ಲಿ ನಿಂತು ಇನ್ನೂ ಏನೋ ಬೈಯುತ್ತಿದ್ದ. ಟವೆಲು ನನ್ನ ತೊಡೆಯ ಮೇಲೇ ಉಳಿದಿತ್ತು.

ಬುಧವಾರ ಹಿರಿಯರೆದುರು ಕೂತೆ. ಎರಡು ತಾಸು ಪ್ರಶ್ನೆ ಕೇಳಿದರು. ಕುರ್ಚಿ ನನಗೇ ಉಳಿಯಿತು. ಆದರೆ ಒಂದು ತಿಂಗಳು ಹಿರಿಯರೊಬ್ಬರು ಪಕ್ಕದಲ್ಲೇ ಕೂತು ನನ್ನ ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ತಪ್ಪಿದರೆ ಅವರೇ ತಿದ್ದುತ್ತಾರೆ. ಇದಷ್ಟನ್ನೂ ಸಂಜೆ, ಅಷ್ಟರಲ್ಲಿ ಊರು ಮುಟ್ಟಿದ್ದ ಅವ್ವನಿಗೆ ಬಿಡಿಸಿ ಬಿಡಿಸಿ ಫೋನಿನಲ್ಲಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಫೋನು ಇಡುವುದನ್ನು ಮರೆತು ಅಪ್ಪನನ್ನು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ಏ, ಕೇಳಿದ್ರೇನು? ನಮ್ಮ ಶೈಲಾನ ಕೈಕೆಳಗ ಒಬ್ಬ ದೊಡ್ಡ ಸಾಹೇಬನ್ನ ಕೊಟ್ಟಾರಂತ!”