ಚಿಕ್ಕಮಾದುವಿನ ಮೂಗು

ಬೆಟ್ಟದಪುರದ ಸುತ್ತ ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಚಿಕ್ಕಮಾದು ಗೊತ್ತು. ಅವನಿಗಿಂತ ಹೆಚ್ಚಾಗಿ ಅವನ ಮೂಗು ಗೊತ್ತು. ಬೇಯಿಸಿದ ಸೊಪ್ಪಿನ ಬಣ್ಣ, ಮೈ, ವಾಸನೆ ನೋಡಿ ದರ್ಜೆ ಬಿಡಿಸುವುದು ಅವನ ಕಸುಬು. ಮೂವತ್ತು ವರ್ಷದಿಂದ ಧಣಿ ಗುರುಸ್ವಾಮಿಯವರ ಸೊಪ್ಪು ಬೇಯಿಸುವ ಗೂಡಿನ ಮುಂದೆ ಗೋಣಿತಾಟಿನ ಮೇಲೆ ಕೂತು ಅದನ್ನೇ ಮಾಡಿದ್ದಾನೆ. ಮೂಗು ಕೆಟ್ಟೀತೆಂದು ಬೀಡಿ ಸೇದಲಿಲ್ಲ, ಹೆಂಡ ಮುಟ್ಟಲಿಲ್ಲ, ಎಲೆಯಡಿಕೆಯನ್ನೂ ಹಾಕಲಿಲ್ಲ. ಹೊಗೆಸೊಪ್ಪಿನಲ್ಲೇ ಬದುಕುವವನು ಬೀಡಿ ಮುಟ್ಟುವುದಿಲ್ಲವೆಂದು ಊರವರು ನಗುತ್ತಿದ್ದರು. ನಗಲಿ, ಊರಿಗೆ ಬೇರೆ ಕೆಲಸವೇನಿದೆ.

ಈ ಕಸುಬಿನಲ್ಲಿ ಕ್ಷಮೆಯಿಲ್ಲದ ತಪ್ಪು ಒಂದೇ. ಗೂಡಿನೊಳಗೆ ಸೊಪ್ಪು ಬೇಯುವುದು ತಗಡಿನ ಕೊಳವೆಯ ಬಿಸಿಗೆ. ಸೌದೆಯ ಹೊಗೆ ಆ ಕೊಳವೆಯೊಳಗೇ ಹರಿದು ಹೊರಗೆ ಹೋಗಬೇಕು. ಕೊಳವೆ ಎಲ್ಲಾದರೂ ಬಿರುಕು ಬಿಟ್ಟು ಹೊಗೆ ಎಲೆಗೆ ತಾಗಿತೋ, ಚಿನ್ನದ ಬಣ್ಣವಿದ್ದರೂ ಆ ಸೊಪ್ಪು ತಿಪ್ಪೆಗೇ. ಅಂಥದ್ದನ್ನು ಚಿಕ್ಕಮಾದು ಹತ್ತು ಅಡಿ ದೂರದಿಂದ ಹಿಡಿಯುತ್ತಿದ್ದ.

ಗುರುಸ್ವಾಮಿಯವರ ಬಾಮೈದ ನಂಜುಂಡೇಶ್, ಸೊಪ್ಪು ಕೊಳ್ಳುವ ಕಂಪನಿಯೊಂದರ ಹುಣಸೂರಿನ ಗೋದಾಮಿಗೆ ಮ್ಯಾನೇಜರು. ಅಲ್ಲಿ ದರ್ಜೆ ಬಿಡಿಸುವವನ ಜಾಗ ಖಾಲಿಯಾಗಿತ್ತು. ವರ್ಷಪೂರ್ತಿ ಸಂಬಳ, ಕೂರಲು ಕುರ್ಚಿ. ಐವತ್ತೆರಡಕ್ಕೇ ಮಂಡಿ ಸವೆದಿದ್ದ ಚಿಕ್ಕಮಾದುವಿಗೆ ಸಂಬಳಕ್ಕಿಂತ ಕುರ್ಚಿಯ ಆಸೆಯೇ ಹೆಚ್ಚು. ನಾಚಿಕೆ ಬಿಟ್ಟು ಕೇಳಿದ. ನಂಜುಂಡೇಶ್ ಹಲ್ಲು ಕಿರಿದು, ಭಾನುವಾರ ಎನ್. ಬೇಗೂರಿನ ತನ್ನ ತೋಟದ ಮನೆಗೆ ಬರಹೇಳಿದ. ಸ್ನೇಹಿತರ ಮುಂದೆ ಒಂದು ಪರೀಕ್ಷೆ, ಗೆದ್ದರೆ ಕುರ್ಚಿ ನಿನ್ನದು ಎಂದ. ಹೆಂಡತಿ ಸಣ್ಣತಾಯಮ್ಮ ಗಂಡನ ಬಿಳಿ ಅಂಗಿಗೆ ನೀಲಿ ಹಾಕಿ ಒಗೆದುಕೊಟ್ಟಳು.

ಮಧ್ಯಾಹ್ನದ ಊಟಕ್ಕೆ ಮುಂಚೆ ಮೇಜಿನ ಮೇಲೆ ನಾಲ್ಕು ಸೀಸೆ ಕೂತಿದ್ದವು. ಎಲ್ಲವೂ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ. ಚಿಕ್ಕಮಾದು ಅವುಗಳ ವಾಸನೆ ಹಿಡಿದು, ಯಾವುದು ಮೇಲು ಯಾವುದು ಕೀಳು ಎಂದು ಸೊಪ್ಪಿನ ಹಾಗೆ ಸಾಲಾಗಿ ಜೋಡಿಸಬೇಕಿತ್ತು. ಬಂದವರಿಗೆಲ್ಲ ಗಾಜಿನ ಲೋಟ, ಅವನಿಗೆ ಕಾಗದದ ಕಪ್ಪು. ಯಾಕೆಂದು ಯಾರೂ ಹೇಳಲಿಲ್ಲ. ಅವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಆದರೆ ಕಸುಬಿನ ಹಟ ನೋಡಿ, ಅದು ಜಾತಿಯನ್ನೂ ಮರೆಸುತ್ತದೆ.

“ಈ ಕಪ್ಪಲ್ಲಿ ಮೇಣದ ವಾಸ್ನೆ ಒಡೀತದೆ ಬುದ್ಧಿ. ಗ್ಲಾಸಲ್ಲಿ ಕೊಟ್ರೆ ಸರ್ಯಾಗಿ ಏಳ್ಬೋದು.”

ಗುರುಸ್ವಾಮಿಯವರ ಮುಖ ಗಂಟಿಕ್ಕಿತು. ನಂಜುಂಡೇಶ್ ಮಾತ್ರ ಧಾರಾಳಿಯಂತೆ ನಾಲ್ಕು ಲೋಟ ತರಿಸಿದ.

ಚಿಕ್ಕಮಾದು ಕುಡಿಯಲಿಲ್ಲ. ಬೆರಳು ಅದ್ದಿ ಅಂಗೈಗೆ ಉಜ್ಜಿ ಮೂಸಿದ, ಒಂದು ಹನಿ ನಾಲಗೆಗೆ ತಾಗಿಸಿದ. ಮೊದಲನೆಯದರಲ್ಲಿ ಜೇನು, ಮಾಗಿದ ಬಾಳೆಹಣ್ಣು. ಎರಡನೆಯದರಲ್ಲಿ ಒಣದ್ರಾಕ್ಷಿ, ಹಳೆಯ ಮರದ ಪೆಟ್ಟಿಗೆ. ಮೂರನೆಯದರಲ್ಲಿ ಒಣಹುಲ್ಲು, ಕೊನೆಗೆ ಒಂದಿಷ್ಟು ಮೆಣಸು. ಸೀಸೆಗಳ ಜೊತೆ ಬಂದ ಚೀಟಿಯಲ್ಲೂ ಹೆಚ್ಚುಕಡಿಮೆ ಅದೇ ಇತ್ತು. ನಂಜುಂಡೇಶ್ ಓದಿ ಹೇಳಿದಂತೆಲ್ಲ ನಗಲು ಬಂದಿದ್ದವರು ಲೋಟ ಕೆಳಗಿಟ್ಟು ಮುಂದೆ ಬಾಗಿದರು. ಕುರ್ಚಿ ಆಗಲೇ ಬೆನ್ನಿಗೆ ತಾಗಿದಂತೆ ಚಿಕ್ಕಮಾದು ನೆಟ್ಟಗೆ ನಿಂತ. ಅಷ್ಟು ಸಂತೋಷವನ್ನು ಅವನು ಮತ್ತೆ ಕಾಣಲಿಲ್ಲ.

ನಾಲ್ಕನೆಯ ಲೋಟ ಮೂಗಿನ ಹತ್ತಿರ ಬರುತ್ತಲೇ ಅವನು ಮುಖ ತಿರುಗಿಸಿ, ಅದನ್ನು ಸಾಲಿನ ಕಟ್ಟಕಡೆಗೆ ಇಟ್ಟ.

“ಇದು ಕೆಟ್ಟೋಗ್ಬುಟ್ಟದೆ ಬುದ್ಧಿ. ಕೊಳ್ವೆ ಬಿರ್ಕು ಬುಟ್ಟು ಒಗೆ ಒಳಿಕ್ ನುಗ್ಬುಟ್ಟದೆ. ಬೇಯ್ಸ್‌ದೋನು ನಿದ್ದೆ ಒಡ್ದವ್ನೆ.”

ಮನೆ ಹಾರಿಹೋಗುವಂತೆ ನಕ್ಕರು. ನಾಲ್ಕರಲ್ಲಿ ಅದೇ ಎಲ್ಲಕ್ಕಿಂತ ದುಬಾರಿ. ಸ್ಕಾಟ್ಲೆಂಡಿನಲ್ಲಿ ಜೌಗುಮಣ್ಣಿನ ಹೆಂಟೆ ಸುಟ್ಟು ವಿಸ್ಕಿಯ ಬಾರ್ಲಿಗೆ ಬೇಕೆಂದೇ ಹೊಗೆ ಹಿಡಿಸುತ್ತಾರೆ, ಜನ ಆ ಹೊಗೆಗೇ ದುಡ್ಡು ಸುರಿಯುತ್ತಾರೆ ಎಂದು ನಂಜುಂಡೇಶ್ ವಿವರಿಸಿದ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಯಾರೋ ಸೇರಿಸಿದರು.

“ಒಗೆ ಅದೆ ಅಂತ ನಾನೂ ಅಂದ್ನಲ್ಲ ಬುದ್ಧಿ,” ಎಂದ ಚಿಕ್ಕಮಾದು.

“ಹೊಗೆ ಗೊತ್ತಾದ್ರೆ ಸಾಕೇನೋ? ಬೆಲೆ ಗೊತ್ತಾಗ್ಬೇಕು,” ಎಂದು ನಂಜುಂಡೇಶ್ ಊಟಕ್ಕೆ ಎದ್ದ.

ಚಿಕ್ಕಮಾದು ಗೇಟು ದಾಟುವಾಗ, ಮನೆಯ ಹಿಂದಿನ ಗುಂಡಿಯಲ್ಲಿ ಒಂದಾದ ಮೇಲೊಂದು ನಾಲ್ಕು ಲೋಟ ಒಡೆದ ಸದ್ದು ಕೇಳಿಸಿತು.

ಎರಡು ತಿಂಗಳಿಗೆ ಗುರುಸ್ವಾಮಿಯವರ ಗೂಡಿನ ಕೊಳವೆ ನಿಜವಾಗಿಯೂ ಬಿರುಕು ಬಿಟ್ಟಿತು. ಒಂದು ಗೂಡು ಸೊಪ್ಪಿಗೆ ಹೊಗೆ ಹಿಡಿಯಿತು. ಚಿಕ್ಕಮಾದು ಅದನ್ನು ಬೇರೆ ಹಾಕಿದ. ಗುರುಸ್ವಾಮಿಯವರು ಅದನ್ನು ಹರಾಜಿಗೆ ಕಟ್ಟುವ ಹೊರೆಯ, ಅಂದರೆ ಬೇಲಿನ, ನಡುವೆ ತುಂಬಿ, ಸುತ್ತ ಒಳ್ಳೆಯ ಎಲೆ ಜೋಡಿಸು ಎಂದರು. ಸಿಕ್ಕಿಬೀಳುತ್ತೇವೆ ಎಂದು ಅವನು ಎರಡು ಸಲ ಹೇಳಿದ. ನಿನ್ನ ಮೂಗಿನ ಯೋಗ್ಯತೆ ಬೇಗೂರಿನಲ್ಲೇ ನೋಡಿದೆ, ಹೇಳಿದಷ್ಟು ಮಾಡು ಎಂದು ಅವರು ಗದರಿದರು. ಉಣ್ಣುವ ಅನ್ನ ಅವರದು. ತುಂಬಿದ.

ಹರಾಜಿನಲ್ಲಿ ಖರೀದಿದಾರನೊಬ್ಬ ಬೇಲಿನ ನಡುವಿಗೆ ಕೈ ತೂರಿಸಿ ಒಂದು ಹಿಡಿ ಎಳೆದು ಮೂಸಿದ. ಜನ ಸೇರಿದರು. ಗುರುಸ್ವಾಮಿಯವರು ಬೆವರಲಿಲ್ಲ. ಮೂವತ್ತು ವರ್ಷ ನಂಬಿದ ಆಳು, ವಯಸ್ಸಾಯಿತು, ಮೂಗು ಸತ್ತಿದೆ, ತನಗೇ ತಿಳಿಯಲಿಲ್ಲ ಎಂದು ಕೈಮುಗಿದರು. ಸಾಕ್ಷಿಗೆ ನಂಜುಂಡೇಶ್ ಪಕ್ಕದಲ್ಲೇ ಇದ್ದ.

“ನಾನೇ ಟೆಸ್ಟ್ ಮಾಡಿದ್ದೀನಿ ಕಣ್ರೀ. ಎಂಟು ಜನ ನೋಡಿದ್ದಾರೆ. ಇವನಿಗೆ ಹೊಗೆ ಯಾವ್ದು ಹೂವು ಯಾವ್ದು ಅಂತ ಗೊತ್ತಾಗಲ್ಲ.”

ಎಲ್ಲರೂ ಚಿಕ್ಕಮಾದುವಿನ ಕಡೆ ತಿರುಗಿದರು. ಮೂಗು ಸರಿಯಾಗಿದೆ ಎಂದರೆ ಬೇಕೆಂದೇ ಕಳ್ಳಬೇಲು ಕಟ್ಟಿದವನಾಗುತ್ತಾನೆ. ಧಣಿ ಹೇಳಿದರು ಎಂದರೆ ನಂಬುವವರಾರು? ಅವನು ತಲೆ ತಗ್ಗಿಸಿದ. ಬೇಲನ್ನು ವಾಪಸು ಕಳಿಸಿದರು, ಗುರುಸ್ವಾಮಿಯವರ ಹೆಸರು ಉಳಿಯಿತು. ಆಮೇಲೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಗೂಡೂ ಅವನನ್ನು ಕರೆಯಲಿಲ್ಲ.

ಈಗ ಅವನು ಮನೆಯಲ್ಲೇ ಇರುತ್ತಾನೆ. ಮೊನ್ನೆ ಸಣ್ಣತಾಯಮ್ಮ ಅವರೆಕಾಳಿನ ಸಾರು ಒಲೆಯ ಮೇಲಿಟ್ಟು ನೀರಿಗೆ ಹೋಗಿದ್ದಳು. ನೀರು ಇಂಗತೊಡಗಿದ್ದು, ಕಾಳು ತಳ ಹಿಡಿದದ್ದು, ಮಸಾಲೆ ಸೀದದ್ದು, ಒಂದೊಂದೂ ಒಲೆಯ ಪಕ್ಕದಲ್ಲಿದ್ದ ಅವನ ಮೂಗಿಗೆ ಬಂತು. ಅವನು ಏಳಲಿಲ್ಲ. ಅವಳು ಓಡಿ ಬಂದು ಪಾತ್ರೆ ಇಳಿಸಿದಳು.

“ಇಲ್ಲೇ ಕುಂತಿದ್ದೀರಲ್ಲ, ಸೀದ ವಾಸ್ನೆ ಬರ್ನಿಲ್ವಾ?”

“ಇಲ್ಲ ಕಣಮ್ಮಿ,” ಎಂದ ಚಿಕ್ಕಮಾದು. “ನಂಗೇನೂ ಗೊತ್ತಾಗಾಕಿಲ್ಲ.”